ಮೂವತ್ತು ಶಾಲೆ, ಎಂಟು ವರ್ಷ ಮತ್ತು ನಮ್ಮ ಮೇಷ್ಟ್ರ ನೀಲನಕ್ಷೆ

ನಮ್ಮ ಯಾವುದಾದರೂ ಹೈಸ್ಕೂಲು ಮೇಷ್ಟ್ರನ್ನು ನಿಲ್ಲಿಸಿ, "ಸಾರ್, ನೀಲನಕ್ಷೆ ಅಂದ್ರೆ ಏನು?" ಅಂತ ಕೇಳಿ ನೋಡಿ. ಮನೆ ಕಟ್ಟುವ ಪ್ಲ್ಯಾನು ಅವರಿಗೆ ನೆನಪಾಗುವುದಿಲ್ಲ. ಒಂದು ದೊಡ್ಡ ಕೋಷ್ಟಕ ನೆನಪಾಗುತ್ತದೆ. ಎಡಗಡೆ ಪಾಠಗಳ ಹೆಸರು, ಮೇಲುಗಡೆ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಅಂತ ಕಾಲಂಗಳು, ಒಳಗೆ ಸಣ್ಣ ಸಣ್ಣ ಅಂಕಿಗಳು. ಅಡ್ಡ ಕೂಡಿದರೂ ಉದ್ದ ಕೂಡಿದರೂ ಒಟ್ಟು ಅಂಕ ಸರಿಹೋಗಬೇಕು. ಬಿ.ಎಡ್. ಓದುವಾಗ ಇದನ್ನು ಹಾಕಿ ಹಾಕಿ ಬೆರಳು ಸವೆಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಎಷ್ಟೋ ಜನ ಮೊದಲು ಪ್ರಶ್ನೆಪತ್ರಿಕೆ ಬರೆದು, ಆಮೇಲೆ ಅದಕ್ಕೆ ಹೊಂದುವ ಹಾಗೆ ನೀಲನಕ್ಷೆ ತುಂಬುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಈ ಕೋಷ್ಟಕ ಎಲ್ಲಿಂದ ಬಂತು? ಹುಡುಕುತ್ತಾ ಹೋದರೆ ದಾರಿ ದೆಹಲಿಗೆ, ಅಲ್ಲಿಂದ ಚಿಕಾಗೋಗೆ, ಅಲ್ಲಿಂದ 1930ರ ದಶಕದ ಅಮೆರಿಕದ ಮೂವತ್ತು ಶಾಲೆಗಳಿಗೆ ಹೋಗುತ್ತದೆ. ಅಲ್ಲಿ ಸಿಗುವ ಕಥೆ ಮಾತ್ರ ಕೋಷ್ಟಕದ ಕಥೆಯಲ್ಲ. ಮೇಷ್ಟ್ರುಗಳು ಒಟ್ಟಿಗೆ ಕೂತು, "ನಾವು ಕಲಿಸುತ್ತಿರುವುದು ಈ ಪರೀಕ್ಷೆಯಲ್ಲಿ ಎಲ್ಲೂ ಕಾಣುತ್ತಿಲ್ಲವಲ್ಲ, ಹಾಗಾದರೆ ನಾವೇ ಬೇರೆ ಪರೀಕ್ಷೆ ಕಟ್ಟೋಣ" ಅಂತ ಹೊರಟ ಕಥೆ. ಮೂಲದಲ್ಲಿ ಅಷ್ಟು ಜೀವಂತವಾಗಿದ್ದದ್ದು ನಮ್ಮ ಕೈಗೆ ಬರುವ ಹೊತ್ತಿಗೆ ಕೂಡು-ಕಳೆ ಲೆಕ್ಕವಾಗಿದ್ದು ಹೇಗೆ ಅನ್ನುವುದು ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಆಗಿನ ಅಮೆರಿಕದಲ್ಲಿ ಹೈಸ್ಕೂಲಿನ ಜುಟ್ಟು ಕಾಲೇಜಿನ ಕೈಯಲ್ಲಿತ್ತು. 1906ರ ಸುಮಾರಿಗೆ ಕಾರ್ನೆಗಿ ಪ್ರತಿಷ್ಠಾನದ ಕಡೆಯಿಂದ 'ಯೂನಿಟ್' ಅನ್ನುವ ಅಳತೆಗೋಲು ಬಂತು. ಒಂದು ವಿಷಯವನ್ನು ವರ್ಷಕ್ಕೆ ಸುಮಾರು 120 ಗಂಟೆ ಕೂತು ಓದಿದರೆ ಒಂದು ಯೂನಿಟ್. ಇಂಗ್ಲಿಷಿಗೆ ಇಷ್ಟು, ಗಣಿತಕ್ಕೆ ಇಷ್ಟು, ಲ್ಯಾಟಿನ್ನಿಗೆ ಇಷ್ಟು ಅಂತ ಸಾಮಾನ್ಯವಾಗಿ ಹದಿನೈದು ಯೂನಿಟ್ ಕೂಡಿಸಿದವನಿಗೆ ಕಾಲೇಜಿನ ಬಾಗಿಲು ತೆರೆಯುತ್ತಿತ್ತು. ಮಜಾ ಅಂದರೆ ಹೈಸ್ಕೂಲಿಗೆ ಸೇರಿದ ಆರು ಮಕ್ಕಳಲ್ಲಿ ಕಾಲೇಜಿಗೆ ಹೋಗುತ್ತಿದ್ದವನು ಹೆಚ್ಚುಕಡಿಮೆ ಒಬ್ಬ. ಆ ಒಬ್ಬನಿಗಾಗಿ ಮಾಡಿದ ಅಡುಗೆಯನ್ನೇ ಉಳಿದ ಐವರೂ ಉಣ್ಣಬೇಕಿತ್ತು. (ನಮ್ಮಲ್ಲಿ ಸಿಇಟಿಗೆ ಕೂರುವ ಕೆಲವರಿಗಾಗಿ ಎಂಟನೇ ಕ್ಲಾಸಿನಿಂದಲೇ 'ಫೌಂಡೇಶನ್' ಶುರುವಾಗುವುದು ನೆನಪಾದರೆ ತಪ್ಪು ನಿಮ್ಮದಲ್ಲ.)

ಇನ್ನೊಂದು ಕಡೆ ಜಾನ್ ಡ್ಯೂಯಿಯ ವಿಚಾರಗಳು ಹಬ್ಬುತ್ತಿದ್ದವು. ಅವನ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ 'ಪ್ರಾಜೆಕ್ಟ್ ಮೆಥಡ್' ಅನ್ನುವ ಲೇಖನ ಬರೆದ. ಮಕ್ಕಳು ಮನಸಾರೆ ಒಂದು ಉದ್ದೇಶ ಇಟ್ಟುಕೊಂಡು ಮಾಡುವ ಕೆಲಸವೇ ಕಲಿಕೆ ಅಂತ ಅದರ ಸಾರ. ಇವತ್ತು ನಮ್ಮ ಮಕ್ಕಳು ಸ್ಟೇಷನರಿ ಅಂಗಡಿಯಿಂದ ಚಾರ್ಟ್ ತಂದು, ಇಂಟರ್ನೆಟ್ಟಿನಿಂದ ಚಿತ್ರ ಪ್ರಿಂಟ್ ತೆಗೆಸಿ ಅಂಟಿಸುವ 'ಪ್ರಾಜೆಕ್ಟ್' ಇದೆಯಲ್ಲ, ಅದರ ಮುತ್ತಜ್ಜ ಅದು. ಆಗಿನ ಹಲವು ಶಾಲೆಗಳು ಇದನ್ನು ನಂಬಿ ಕೆಲಸ ಮಾಡುತ್ತಿದ್ದವು. ಮೇಲಿನ ಕ್ಲಾಸಿಗೆ ಬಂದಾಗ ಮಾತ್ರ ಕಾಲೇಜಿನ ಹದಿನೈದು ಯೂನಿಟ್ಟಿನ ಗೋಡೆಗೆ ತಲೆ ಬಡಿಯುತ್ತಿತ್ತು.

1930ರಲ್ಲಿ ವಾಷಿಂಗ್ಟನ್ನಿನಲ್ಲಿ ಪ್ರೋಗ್ರೆಸಿವ್ ಎಜುಕೇಶನ್ ಅಸೋಸಿಯೇಶನ್ನಿನ ಸಭೆ ಸೇರಿತು. ಹೈಸ್ಕೂಲನ್ನು ಹೇಗೆ ಸುಧಾರಿಸಬೇಕು ಅಂತ ಒಬ್ಬೊಬ್ಬರೂ ಒಂದೊಂದು ಹೇಳಿದರು. ಪ್ರತಿ ಸಲಹೆಗೂ ಬಂದ ಉತ್ತರ ಒಂದೇ, ಹಾಗೆ ಮಾಡಿದರೆ ನಮ್ಮ ಮಕ್ಕಳಿಗೆ ಕಾಲೇಜು ಸಿಗುವುದಿಲ್ಲ. ಕೊನೆಗೆ, ಕಾಲೇಜುಗಳನ್ನೇ ಕೇಳಿದರೆ ಹೇಗೆ ಅನ್ನುವ ಮಾತು ಬಂತು. ಅದಕ್ಕೊಂದು ಆಯೋಗ ಆಯಿತು. ಸೇಂಟ್ ಲೂಯಿಯ ಜಾನ್ ಬರೋಸ್ ಶಾಲೆಯ ಮುಖ್ಯಸ್ಥ ವಿಲ್ಫರ್ಡ್ ಏಕಿನ್ ಅದರ ಅಧ್ಯಕ್ಷ. ಆತ ಮತ್ತು ಸಂಗಡಿಗರು ಕಾಲೇಜಿಂದ ಕಾಲೇಜಿಗೆ ಅಲೆದರು. ಸುಮಾರು 300 ಕಾಲೇಜು, ವಿಶ್ವವಿದ್ಯಾಲಯಗಳು ಒಪ್ಪಿದವು ಅಂದರೆ ನಂಬುವುದು ಕಷ್ಟ. ಆಯ್ದ ಮೂವತ್ತು ಶಾಲೆಗಳಿಂದ 1936ರ ನಂತರ ಬರುವ ಮಕ್ಕಳಿಗೆ ಯೂನಿಟ್ ಲೆಕ್ಕ ಕೇಳುವುದಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ, ಶಾಲೆ ಮುಖ್ಯಸ್ಥರ ಶಿಫಾರಸು ಮತ್ತು ಆ ಹುಡುಗ ಶಾಲೆಯಲ್ಲಿ ಏನು ಮಾಡಿದ ಅನ್ನುವ ವಿವರವಾದ ದಾಖಲೆ ಸಾಕು. ಹೀಗೆ 1933ರಲ್ಲಿ ಶುರುವಾದದ್ದು 'ಎಯ್ಟ್ ಇಯರ್ ಸ್ಟಡಿ', ಎಂಟು ವರ್ಷಗಳ ಅಧ್ಯಯನ. ಹೈಸ್ಕೂಲಿನ ಓದು ಮತ್ತು ಕಾಲೇಜಿನ ನಾಲ್ಕು ವರ್ಷ ಎರಡನ್ನೂ ಹಿಂಬಾಲಿಸಬೇಕಿತ್ತು, ಅದಕ್ಕೇ ಎಂಟು.

ಮೂವತ್ತರಲ್ಲಿ ಎಲ್ಲ ಥರದವೂ ಇದ್ದವು. ನ್ಯೂಯಾರ್ಕಿನ ಡಾಲ್ಟನ್, ಲಿಂಕನ್ ಥರದ ಖಾಸಗಿ ಶಾಲೆಗಳು, ಡೆನ್ವರ್, ಟಲ್ಸಾ, ಡಿ ಮಾಯ್ನ್ ಊರುಗಳ ಸರ್ಕಾರಿ ಹೈಸ್ಕೂಲುಗಳು, ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಂಗಳದ ಶಾಲೆ. ಸ್ವಾತಂತ್ರ್ಯ ಸಿಕ್ಕಿತು. ಈಗ ದೊಡ್ಡ ಪ್ರಶ್ನೆ: "ಯೂನಿಟ್ ಬೇಡ, ಪರೀಕ್ಷೆ ಬೇಡ ಅಂದಿರಿ, ಸರಿ. ಮಕ್ಕಳು ಕಲಿತಿದ್ದಾರೆ ಅನ್ನುವುದಕ್ಕೆ ಏನು ಸಾಕ್ಷಿ?"

ನನ್ನ ಮಟ್ಟಿಗೆ ಕಥೆ ಶುರುವಾಗುವುದೇ ಇಲ್ಲಿಂದ.

ಮೊದಲ ಆಲೋಚನೆ ಸುಲಭದ್ದು. ಅಂಗಡಿಯಲ್ಲಿ ಸಿಗುವ ಸಿದ್ಧ ಪರೀಕ್ಷೆಗಳನ್ನು ತಂದು ಎಲ್ಲ ಶಾಲೆಗೂ ಕೊಟ್ಟುಬಿಡುವುದು. ಶಾಲೆಗಳು ಸಿಟ್ಟಿಗೆದ್ದವು. ಕಾಲೇಜಿನ ನೊಗ ಕಳಚಿ ಪರೀಕ್ಷೆ ಕಂಪನಿಯ ನೊಗ ಹೊರುವುದಾದರೆ ನಾವು ಬಂದಿದ್ದೇಕೆ ಅನ್ನುವುದು ಅವರ ವಾದ. ಹೊಸ ಪಾಠಕ್ರಮದಲ್ಲಿ ಊರಿನ ಕೊಳಚೆ ಪ್ರದೇಶಕ್ಕೆ ಹೋಗಿ ಮನೆಗಳ ಸ್ಥಿತಿ ನೋಡಿ ಬಂದ ಹುಡುಗಿಗೆ ಹಳೇ ಸಿದ್ಧ ಪರೀಕ್ಷೆ ಕೇಳುವುದು ಇಸವಿ ಮತ್ತು ಹೆಸರನ್ನು. ಅವಳು ನೋಡಿದ್ದು, ಯೋಚಿಸಿದ್ದು ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಕೆಲವು ಶಾಲೆಗಳು ಬಿಟ್ಟೇ ಹೋಗುತ್ತೇವೆ ಅಂದವಂತೆ. ಆಗ ಒಹಾಯೋ ಸ್ಟೇಟಿನ ತತ್ವಶಾಸ್ತ್ರದ ಪ್ರೊಫೆಸರ್ ಬಾಯ್ಡ್ ಬೋಡ್ ತಮ್ಮಲ್ಲೇ ಇರುವ ಒಬ್ಬ ಹುಡುಗನ ಹೆಸರು ಹೇಳಿದರು. ಮೇಷ್ಟ್ರುಗಳು ಏನು ಕಲಿಸಲು ಹೊರಟಿದ್ದಾರೋ ಅದರಿಂದ ಶುರು ಮಾಡಿ ಪರೀಕ್ಷೆ ಕಟ್ಟುವವನು ಅಂತ. ಇದನ್ನು ಆ ಹುಡುಗನೇ ದೊಡ್ಡವನಾದ ಮೇಲೆ ನೆನಪಿಸಿಕೊಂಡಿದ್ದಾನೆ.

ಹುಡುಗನ ಹೆಸರು ರಾಲ್ಫ್ ಟೈಲರ್. ಹುಟ್ಟಿದ್ದು 1902, ಬೆಳೆದಿದ್ದು ನೆಬ್ರಾಸ್ಕಾ ಕಡೆ. ಡಿಗ್ರಿ ಮುಗಿಸಿ ಸೌತ್ ಡಕೋಟಾದ ಪಿಯರ್ ಅನ್ನುವ ಸಣ್ಣ ಊರಲ್ಲಿ ವಿಜ್ಞಾನ ಕಲಿಸಿದವನು. 1929ರಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಪ್ರಾಣಿಶಾಸ್ತ್ರದಂಥ ವಿಭಾಗಗಳ ಮೇಷ್ಟ್ರುಗಳ ಜೊತೆ ಕೂತು, "ನಿಮ್ಮ ಹುಡುಗರು ಈ ಕೋರ್ಸ್ ಮುಗಿಸಿದ ಮೇಲೆ ಏನು ಮಾಡಬಲ್ಲವರಾಗಬೇಕು?" ಅಂತ ಕೇಳುವುದು ಅವನ ಕೆಲಸ. ಮೇಷ್ಟ್ರುಗಳು, ಹೊಸ ಪ್ರಯೋಗದ ಫಲಿತಾಂಶ ನೋಡಿ ಅರ್ಥ ಹೇಳಬೇಕು, ತತ್ವವನ್ನು ಹೊಸ ಸಂದರ್ಭಕ್ಕೆ ಹಚ್ಚಬೇಕು ಅನ್ನುತ್ತಿದ್ದರು. ಅವರ ಪ್ರಶ್ನೆಪತ್ರಿಕೆ ನೋಡಿದರೆ ಬರೀ ಹೆಸರು, ವ್ಯಾಖ್ಯೆ. ಟೈಲರ್ ಎರಡನ್ನೂ ಬೇರೆ ಬೇರೆ ಅಳೆದು ನೋಡಿದ. ನೆನಪಿನಲ್ಲಿ ಮುಂದಿರುವವನು ತರ್ಕದಲ್ಲೂ ಮುಂದಿರುತ್ತಾನೆ ಅಂತೇನೂ ಇಲ್ಲ ಅಂತ ಕಂಡಿತು. ಇನ್ನೂ ಸ್ವಾರಸ್ಯದ್ದು, ಒಂದು ವರ್ಷ ಬಿಟ್ಟು ಅದೇ ಹುಡುಗರನ್ನು ಪರೀಕ್ಷಿಸಿದಾಗ ಹೆಸರು-ಪರಿಭಾಷೆಗಳ ಬಹುಭಾಗ ಮರೆತುಹೋಗಿತ್ತು, ಹೊಸ ಮಾಹಿತಿಯಿಂದ ಅರ್ಥ ತೆಗೆಯುವ ಶಕ್ತಿ ಉಳಿದುಕೊಂಡಿತ್ತು. ಮರೆತು ಹೋಗುವುದಕ್ಕೆ ಅಂಕ, ಉಳಿಯುವುದಕ್ಕೆ ಸೊನ್ನೆ. ನಮ್ಮ ಪರೀಕ್ಷೆಗಳ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆ ಬೇರೆ ಬೇಕೇ?

1934ರಲ್ಲಿ ಟೈಲರ್ ಈ ಅಧ್ಯಯನದ ಮೌಲ್ಯಮಾಪನ ತಂಡದ ಮುಖ್ಯಸ್ಥನಾದ. ಲೂಯಿ ರಾತ್ಸ್, ಹಿಲ್ಡಾ ಟಾಬಾ ಮುಂತಾದವರು ಸೇರಿಕೊಂಡರು. ಟಾಬಾಳ ಬಗ್ಗೆ ಒಂದು ಮಾತು ಹೇಳಲೇಬೇಕು. ಎಸ್ಟೋನಿಯಾದವಳು. ಅಮೆರಿಕಕ್ಕೆ ಬಂದು ಡಾಕ್ಟರೇಟ್ ಮಾಡಿದಳು, ವಾಪಸ್ ಹೋದರೆ ತಾಯ್ನಾಡಿನ ತಾರ್ತು ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗಲಿಲ್ಲ. ಮತ್ತೆ ನ್ಯೂಯಾರ್ಕಿಗೆ ಬಂದು ಡಾಲ್ಟನ್ ಶಾಲೆಯಲ್ಲಿ ಜರ್ಮನ್ ಕಲಿಸುವ ಟೀಚರ್ ಆದಳು. ಆ ಶಾಲೆ ಮೂವತ್ತರಲ್ಲಿ ಒಂದಾಗಿತ್ತು. ಅಲ್ಲಿಂದ ಅವಳು ಈ ತಂಡಕ್ಕೆ ಬಂದಳು. ಮುಂದೆ ಪಠ್ಯಕ್ರಮ ಶಾಸ್ತ್ರದಲ್ಲಿ ಅವಳ ಹೆಸರು ಎಷ್ಟು ದೊಡ್ಡದಾಯಿತೆಂದರೆ ನಮ್ಮ ಬಿ.ಎಡ್. ಗೈಡುಗಳಲ್ಲೂ 'ಟಾಬಾ ಮಾದರಿ' ಇದೆ. ಟಾಬಾ ಹೆಂಗಸು ಅನ್ನುವುದು ಗೈಡು ಓದಿದ ಎಷ್ಟೋ ಜನರಿಗೆ ಗೊತ್ತಿಲ್ಲ, ಅದು ಬೇರೆ ಮಾತು.

ಕೆಲಸ ನಡೆದದ್ದು ಹೀಗೆ. ಮೊದಲು ಪ್ರತಿ ಶಾಲೆಯ ಮೇಷ್ಟ್ರುಗಳು ಕೂತು ತಮ್ಮ ಉದ್ದೇಶಗಳನ್ನು ಬರೆದು ಕಳಿಸಬೇಕು. ಬಂದವು ನೋಡಿ, ಕಂತೆ ಕಂತೆ! ಒಳ್ಳೆಯ ನಾಗರಿಕ, ವಿಮರ್ಶಾತ್ಮಕ ಚಿಂತನೆ, ಸಾಮಾಜಿಕ ಕಳಕಳಿ, ಸಾಹಿತ್ಯಾಭಿರುಚಿ... (ನಮ್ಮ ಶಾಲೆಗಳ ಗೋಡೆ ಮೇಲೆ ಬರೆಸಿರುವ ಧ್ಯೇಯವಾಕ್ಯಗಳ ಹಾಗೆ.) ತಂಡ ಇವನ್ನು ಹತ್ತು ಗುಂಪು ಮಾಡಿತು. ಯೋಚನೆಯ ಕ್ರಮ, ಅಭ್ಯಾಸದ ರೂಢಿ, ಸಾಮಾಜಿಕ ಧೋರಣೆ, ಆಸಕ್ತಿಗಳು, ಕಲೆ-ಸಂಗೀತ-ಸಾಹಿತ್ಯದ ಸವಿ, ಹೀಗೆ. 'ಮುಖ್ಯ ಮಾಹಿತಿಯ ಗಳಿಕೆ' ಆ ಹತ್ತರಲ್ಲಿ ಒಂದು. ಅಲ್ಲಿಯ ತನಕ ಪರೀಕ್ಷೆಗಳೆಲ್ಲ ಅಳೆಯುತ್ತಿದ್ದದ್ದು ಬಹುಪಾಲು ಆ ಒಂದನ್ನು.

ಆಮೇಲೆ ಒಂದೇ ಉದ್ದೇಶ ಇಟ್ಟುಕೊಂಡ ಬೇರೆ ಬೇರೆ ಶಾಲೆಗಳ ಮೇಷ್ಟ್ರುಗಳ ಸಮಿತಿಗಳಾದವು. ಕಷ್ಟದ ಕೆಲಸ ಶುರುವಾದದ್ದು ಅಲ್ಲಿ. ಸಾಹಿತ್ಯಾಭಿರುಚಿ ಅಂದಿರಲ್ಲ, ಅಭಿರುಚಿ ಇರುವ ಹುಡುಗ ಏನು ಮಾಡುತ್ತಾನೆ, ಇಲ್ಲದವನು ಏನು ಮಾಡುವುದಿಲ್ಲ, ಅದನ್ನು ಹೇಳಿ. ಮೇಷ್ಟ್ರುಗಳು ಚರ್ಚೆ ಮಾಡಿ ಏಳು ಲಕ್ಷಣ ಹೊರತೆಗೆದರು. ಓದಿ ಖುಷಿ ಪಡುತ್ತಾನೆ, ಇನ್ನಷ್ಟು ಓದಬೇಕು ಅನ್ನುತ್ತಾನೆ, ಓದಿದ್ದರ ಬಗ್ಗೆ ಹೆಚ್ಚು ತಿಳಿಯಲು ಹೊರಡುತ್ತಾನೆ, ತಾನೂ ಏನಾದರೂ ಬರೆಯಲು ಕೂರುತ್ತಾನೆ, ಪಾತ್ರಗಳಲ್ಲಿ ತನ್ನನ್ನು ಕಾಣುತ್ತಾನೆ, ತನ್ನ ಬದುಕಿನ ಪ್ರಶ್ನೆಗಳನ್ನು ಅದರ ಬೆಳಕಲ್ಲಿ ನೋಡುತ್ತಾನೆ, ಓದಿದ್ದನ್ನು ತೂಗಿ ನೋಡುತ್ತಾನೆ. ಇದಕ್ಕೆ ಸಾಕ್ಷಿ ಮೂರು ಗಂಟೆಯ ಪತ್ರಿಕೆಯಲ್ಲಿ ಸಿಗುತ್ತದೆಯೇ? ಹಾಗಾಗಿ ಮಕ್ಕಳು ತಾವಾಗಿ ಓದಿದ ಪುಸ್ತಕಗಳ ದಾಖಲೆ, ಪ್ರಶ್ನಾವಳಿ, ಮೇಷ್ಟ್ರು ಬರೆದಿಟ್ಟ ಟಿಪ್ಪಣಿ ಎಲ್ಲ ಸಾಕ್ಷಿಯಾದವು. ಬಾಸ್ಟನ್ ಹತ್ತಿರದ ಬೀವರ್ ಕಂಟ್ರಿ ಡೇ ಶಾಲೆಯ ಯುಜೀನ್ ಸ್ಮಿತ್ ಮುಂದಾಳತ್ವದಲ್ಲಿ ಇನ್ನೊಂದು ಸಮಿತಿ, ಅಂಕಪಟ್ಟಿಯ ಬದಲು ಮಗುವಿನ ವರ್ತನೆಯನ್ನು ಮಾತಿನಲ್ಲಿ ವಿವರಿಸುವ ದಾಖಲೆಗಳನ್ನು ರೂಪಿಸಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಅಂಕಿಅಂಶದ ಅರ್ಥ ಹೇಳುವ' ಪರೀಕ್ಷೆ. ಅದರ ರೀತಿ ಹೇಳಲು ನಮ್ಮ ಕಡೆಯ ಒಂದು ಕಾಲ್ಪನಿಕ ಉದಾಹರಣೆ ಕಟ್ಟುತ್ತೇನೆ. ಒಂದು ತಾಲೂಕು. 2001ರಲ್ಲಿ 100 ಬೋರ್‌ವೆಲ್, ಸರಾಸರಿ ಆಳ 200 ಅಡಿ. 2011ರಲ್ಲಿ 400 ಬೋರ್‌ವೆಲ್, ಆಳ 600 ಅಡಿ. 2021ರಲ್ಲಿ 900, ಆಳ 1000 ಅಡಿ. ಈಗ ಹೇಳಿಕೆಗಳು. "2011ರ ಸರಾಸರಿ ಆಳ 2001ಕ್ಕಿಂತ ಹೆಚ್ಚು." "2016ರಲ್ಲಿ ಆಳ 600 ಅಡಿಗಿಂತ ಹೆಚ್ಚಿತ್ತು." "ಬೋರ್‌ವೆಲ್ ಹೆಚ್ಚಾಗಿದ್ದೇ ಆಳ ಹೆಚ್ಚಾಗಲು ಕಾರಣ." "2031ರಲ್ಲಿ ಆಳ 1400 ಅಡಿ ಆಗುತ್ತದೆ." ಪ್ರತಿಯೊಂದಕ್ಕೂ ಹುಡುಗ ಐದರಲ್ಲಿ ಒಂದು ಗುರುತು ಹಾಕಬೇಕು: ನಿಜ, ಬಹುಶಃ ನಿಜ, ಹೇಳಲು ಮಾಹಿತಿ ಸಾಲದು, ಬಹುಶಃ ಸುಳ್ಳು, ಸುಳ್ಳು. ಮೊದಲನೆಯದು ನಿಜ. ಎರಡನೆಯದು ಬಹುಶಃ ನಿಜ. ಮೂರನೆಯದಕ್ಕೆ ಮಾಹಿತಿ ಸಾಲದು, ಮಳೆಯ ಲೆಕ್ಕವೇ ಇಲ್ಲವಲ್ಲ! ನಾಲ್ಕನೆಯದಕ್ಕೂ ಅಷ್ಟೇ, ಹತ್ತು ವರ್ಷದಾಚೆಯ ಅಡಿ ಲೆಕ್ಕವನ್ನು ಈ ಮೂರು ಸಾಲು ಕೊಡಲಾರವು.

ಸೊಗಸು ಇರುವುದು ಅಂಕ ಕೊಡುವ ರೀತಿಯಲ್ಲಿ. ಒಟ್ಟು ಇಷ್ಟು ಸರಿ ಅಂತ ಒಂದು ಅಂಕೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮಾಹಿತಿ ಹೇಳದ್ದನ್ನೂ ಹೇಳಿತು ಅಂತ ಗೆರೆ ದಾಟುವವರನ್ನು ಬೇರೆ ಎಣಿಸಿದರು. ಸ್ಪಷ್ಟವಾಗಿ ಕಾಣುವುದನ್ನೂ 'ಸಾಲದು' ಅಂತ ಹಿಂಜರಿಯುವ ಅತಿ ಎಚ್ಚರಿಕೆಯವರನ್ನು ಬೇರೆ ಎಣಿಸಿದರು. ನಿಜವನ್ನು ಸುಳ್ಳು ಅಂದವರ ಒರಟು ತಪ್ಪು ಮತ್ತೊಂದು ಲೆಕ್ಕ. ಇಬ್ಬರು ಹುಡುಗರಿಗೆ ನೂರಕ್ಕೆ ಅರವತ್ತು ಬಂದಿರಬಹುದು. ಒಬ್ಬನ ತೊಂದರೆ ಅವಸರ, ಇನ್ನೊಬ್ಬನ ತೊಂದರೆ ಅಂಜಿಕೆ. ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋಗುವ ಮೇಷ್ಟ್ರಿಗೆ ಅರವತ್ತು ಅನ್ನುವ ಅಂಕೆಯಿಂದ ಆಗಬೇಕಾದ್ದೇನೂ ಇಲ್ಲ. ಈ ಎರಡನೇ ಮಾಹಿತಿಯಿಂದ ಬೇಕಾದಷ್ಟಿದೆ.

ಇಂಥ ಪತ್ರಿಕೆಗಳು ಒಂದೇ ಏಟಿಗೆ ಆಗಲಿಲ್ಲ. ವಿಜ್ಞಾನದ ತತ್ವಗಳ ಅನ್ವಯಕ್ಕೆ ಪರೀಕ್ಷೆ ಕಟ್ಟುವಾಗ ಮೊದಲು ಮಕ್ಕಳಿಂದ ಉದ್ದನೆಯ ಉತ್ತರ ಬರೆಸಿದರು. ಅವರು ಕೊಟ್ಟ ಕಾರಣಗಳಲ್ಲಿ ಸರಿಯಾದದ್ದು, ತಪ್ಪಾದದ್ದು, ಮೂಢನಂಬಿಕೆಯದ್ದು, ಸುಮ್ಮನೆ ಸುತ್ತಿ ಬಳಸಿದ್ದು ಎಲ್ಲ ಆರಿಸಿ, ಅವನ್ನೇ ಮುಂದಿನ ಪತ್ರಿಕೆಯ ಆಯ್ಕೆಗಳಾಗಿ ಇಟ್ಟರು. ತಪ್ಪು ಆಯ್ಕೆಗಳೂ ಮಕ್ಕಳ ತಲೆಯಿಂದಲೇ ಬಂದವು, ಪತ್ರಿಕೆ ತಯಾರಕನ ಕಿಡಿಗೇಡಿತನದಿಂದಲ್ಲ. ಮತ್ತೆ ಪ್ರಯೋಗ, ಮತ್ತೆ ತಿದ್ದುಪಡಿ.

ದಿನವೂ ಪಾಠ ಮಾಡುವ ಮೇಷ್ಟ್ರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ? ಈ ಪ್ರಶ್ನೆಗೆ ಸಿಕ್ಕ ಉತ್ತರವೇ ಇಡೀ ಅಧ್ಯಯನದ ಅತಿ ದೀರ್ಘಾಯುಷಿ ಕೂಸು. 1936ರ ಬೇಸಿಗೆಯಲ್ಲಿ ಒಹಾಯೋ ಸ್ಟೇಟಿನಲ್ಲಿ ಸುಮಾರು 35 ಮೇಷ್ಟ್ರುಗಳು ಆರು ವಾರ ಒಟ್ಟಿಗೆ ಇದ್ದರು. ಭಾಷಣ ಕೇಳುವುದಕ್ಕಲ್ಲ. ಪ್ರತಿಯೊಬ್ಬರೂ ತಮ್ಮ ಶಾಲೆಯಿಂದ ಒಂದು ನಿಜವಾದ ತೊಡಕು ಹೊತ್ತು ತಂದಿದ್ದರು, ಅದರ ಮೇಲೇ ಕೆಲಸ. ಮರುವರ್ಷ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ನೂರಕ್ಕೂ ಹೆಚ್ಚು ಜನ. ಇದಕ್ಕೆ 'ವರ್ಕ್‌ಶಾಪ್' ಅಂದರು. ಅಲ್ಲಿಯ ತನಕ ಬಡಗಿಯ, ಕಮ್ಮಾರನ ಜಾಗಕ್ಕಿದ್ದ ಹೆಸರು ಶಿಕ್ಷಕರ ತರಬೇತಿಗೆ ಅಂಟಿದ್ದು ಈ ಬೇಸಿಗೆಗಳಿಂದ. ಕನ್ನಡದಲ್ಲಿ ನಾವು ಇದಕ್ಕೆ 'ಕಮ್ಮಟ' ಅನ್ನುತ್ತೇವಲ್ಲ, ಅದು ಇನ್ನೂ ಚೆಂದ. ಹಳಗನ್ನಡದ ಶಾಸನಗಳಲ್ಲಿ ಕಮ್ಮಟ ಅಂದರೆ ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಜಾಗ. ಲೊಕ್ಕಿಗುಂಡಿಯ ಕಮ್ಮಟ ಪ್ರಸಿದ್ಧವಾಗಿತ್ತು. ಇವತ್ತಿನ ಕಮ್ಮಟಗಳಲ್ಲಿ ಪವರ್‌ಪಾಯಿಂಟು, ಸಹಿ ಪುಸ್ತಕ, ಊಟ, ಟಿಎ ಬಿಲ್ಲು ಇಷ್ಟೂ ಆದ ಮೇಲೆ ಎಷ್ಟು ನಾಣ್ಯ ಹೊರಬರುತ್ತದೆ ಅನ್ನುವುದನ್ನು ಹೋಗಿ ಬಂದವರೇ ಹೇಳಬೇಕು.

ಮಕ್ಕಳ ಕಡೆಯ ಮಾತೂ ಇದೆ. ಒಹಾಯೋ ಸ್ಟೇಟಿನ ಶಾಲೆಯ 1938ರ ತಂಡದ 55 ಮಕ್ಕಳು ಸೇರಿ ತಮ್ಮ ಆರು ವರ್ಷದ ಓದಿನ ಕಥೆಯನ್ನು ತಾವೇ ಪುಸ್ತಕ ಮಾಡಿದರು. ಹೆಸರು 'ವರ್ ವಿ ಗಿನಿ ಪಿಗ್ಸ್?'. ಅಂದರೆ, ನಾವೇನು ಪ್ರಯೋಗದ ಇಲಿಗಳಾಗಿದ್ದೆವಾ? ಅದನ್ನು ಹೆಸರಾಂತ ಪ್ರಕಾಶನವೊಂದು ಅಚ್ಚು ಹಾಕಿತು. ಪ್ರಾಜೆಕ್ಟ್ ಅಂದರೆ ಇದು. ಓದುವವರು ನಿಜ, ಮುದ್ರಣ ನಿಜ, ತಪ್ಪಿದರೆ ಆಗುವ ಮುಜುಗರವೂ ನಿಜ. ಅವರ ಟೀಚರಾಗಿದ್ದ ಮಾರ್ಗರೆಟ್ ವಿಲಿಸ್ 1961ರಲ್ಲಿ, ಇಪ್ಪತ್ತು ವರ್ಷಗಳ ನಂತರ ಆ 'ಇಲಿಗಳು' ಏನಾದವು ಅಂತ ಹುಡುಕಿ ಇನ್ನೊಂದು ಪುಸ್ತಕ ಬರೆದರು.

ಫಲಿತಾಂಶಕ್ಕೆ ಬರೋಣ. ಮೂವತ್ತು ಶಾಲೆಗಳಿಂದ ಕಾಲೇಜಿಗೆ ಹೋದ 1475 ಮಕ್ಕಳನ್ನು, ಮಾಮೂಲಿ ಶಾಲೆಗಳಿಂದ ಬಂದ ಅಷ್ಟೇ ಮಕ್ಕಳ ಜೊತೆ ಜೋಡಿ ಮಾಡಿದರು. ವಯಸ್ಸು, ಗಂಡು-ಹೆಣ್ಣು, ಬುದ್ಧಿಮತ್ತೆಯ ಅಂಕ, ಮನೆಯ ಹಿನ್ನೆಲೆ ಎಲ್ಲ ಹೊಂದಿಸಿ. ಅಂಕಗಳಲ್ಲಿ ಪ್ರಯೋಗದ ಮಕ್ಕಳು ಸ್ವಲ್ಪ ಮೇಲೆ, ವಿದೇಶಿ ಭಾಷೆಯೊಂದನ್ನು ಬಿಟ್ಟು. ಕುತೂಹಲ, ಹೊಸ ಪರಿಸ್ಥಿತಿಯಲ್ಲಿ ದಾರಿ ಹುಡುಕುವುದು, ಕ್ರಮವಾದ ಯೋಚನೆ ಇವುಗಳಲ್ಲೂ ಮುಂದು. ಹಳೇ ಪಾಠಕ್ರಮದಿಂದ ಅತಿ ದೂರ ಸರಿದ ಶಾಲೆಗಳ ಮಕ್ಕಳು ತಮ್ಮ ಜೋಡಿಗಳಿಗಿಂತ ಇನ್ನೂ ಮುಂದು. ಅಂದರೆ ಹದಿನೈದು ಯೂನಿಟ್ಟಿನ ಗೋಡೆ ಇಲ್ಲದಿದ್ದರೆ ಕಾಲೇಜು ಕುಸಿಯುತ್ತದೆ ಅನ್ನುವ ಹೆದರಿಕೆಗೆ ಆಧಾರ ಸಿಗಲಿಲ್ಲ. ಇದರಲ್ಲಿ ತಕರಾರು ತೆಗೆಯಬಹುದು. ಶಾಲೆಗಳಲ್ಲಿ ಉಳ್ಳವರ ಮಕ್ಕಳದ್ದು ಬಹುಪಾಲು, ಹುರುಪಿನ ಮೇಷ್ಟ್ರುಗಳು ಎಲ್ಲಿದ್ದರೂ ಚೆನ್ನಾಗೇ ಕಲಿಸುತ್ತಿದ್ದರು ಅನ್ನಬಹುದು. ಕಪ್ಪುಜನರ ಶಾಲೆಗಳು ಆ ಮೂವತ್ತರಲ್ಲಿ ಇರಲೇ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವರದೇ ಹೈಸ್ಕೂಲುಗಳ ಒಂದು ಬೇರೆ ಅಧ್ಯಯನ 1940ರಿಂದ 1946ರ ತನಕ ನಡೆಯಿತು, ಅದನ್ನು ಇವತ್ತು ನೆನೆಯುವವರೇ ಕಡಿಮೆ.

ವರದಿಯ ಐದು ಸಂಪುಟಗಳು ಹೊರಬರತೊಡಗಿದ್ದು 1942ರಲ್ಲಿ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಆಗಿತ್ತು. ದೇಶ ಯುದ್ಧದಲ್ಲಿ, ಓದುವವರು ಯಾರು? ಯುದ್ಧ ಮುಗಿದು 1950ರಲ್ಲಿ, ಅಸೋಸಿಯೇಶನ್ನಿನ ಹಿಂದಿನ ಪದಾಧಿಕಾರಿ ಫ್ರೆಡರಿಕ್ ರೆಡೆಫರ್ ಆ ಶಾಲೆಗಳ ಕಡೆ ತಿರುಗಿ ನೋಡಿದಾಗ ಬಹುತೇಕ ಕಡೆ ಪ್ರಯೋಗದ ಗುರುತು ಮಾಸಿತ್ತು. ಮೇಷ್ಟ್ರುಗಳು ಬದಲಾಗಿದ್ದರು, ಕಾಲೇಜುಗಳ ರಿಯಾಯಿತಿ ಮುಗಿದಿತ್ತು. 1955ರಲ್ಲಿ ಅಸೋಸಿಯೇಶನ್ನೇ ಮುಚ್ಚಿತು.

ಉಳಿದದ್ದು ವಿಧಾನ. ಟೈಲರ್ 1938ರಲ್ಲೇ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿದ್ದ. 1949ರಲ್ಲಿ ಒಂದು ಸಣ್ಣ ಪುಸ್ತಕದಲ್ಲಿ ಎಲ್ಲವನ್ನೂ ನಾಲ್ಕು ಪ್ರಶ್ನೆಗಳಿಗೆ ಇಳಿಸಿದ. ಅವನ ಶಿಷ್ಯ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಉದ್ದೇಶಗಳ ಆರು ಮೆಟ್ಟಿಲಿನ ವರ್ಗೀಕರಣ ತಂದರು: ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. ಗಮನಿಸಿ, ಇದನ್ನು ಮಾಡಿದವರು ಹೆಚ್ಚಾಗಿ ಕಾಲೇಜುಗಳ ಪರೀಕ್ಷಾಧಿಕಾರಿಗಳು. ತಮ್ಮೊಳಗೆ ಪ್ರಶ್ನೆಗಳನ್ನು ಹಂಚಿಕೊಳ್ಳಲು ಒಂದು ಸಾಮಾನ್ಯ ಭಾಷೆ ಬೇಕಿತ್ತು, ಅದು ನ್ಯಾಯವಾದ ಅಗತ್ಯವೇ. ಆದರೆ ಡಾಲ್ಟನ್ನಿನ ಜರ್ಮನ್ ಟೀಚರ್ ಆ ಕೋಣೆಯಲ್ಲಿ ಇರಲಿಲ್ಲ. ಮೇಷ್ಟ್ರು ಜಗಳವಾಡಿ ತಲುಪಿದ ಉತ್ತರ ಇಲ್ಲಿ ಮೇಷ್ಟ್ರಿಗೆ ಕೊಡುವ ಪಟ್ಟಿಯಾಯಿತು.

ಭಾರತಕ್ಕೆ ಬಂದದ್ದು ಈ ಪಟ್ಟಿ. 1952-53ರ ಮುದಲಿಯಾರ್ ಆಯೋಗ ನಮ್ಮ ಪರೀಕ್ಷೆಗಳನ್ನು ಕಟುವಾಗಿ ಟೀಕಿಸಿತ್ತು. ಅದರ ಬೆನ್ನಿಗೆ ಬಂದ ಅಖಿಲ ಭಾರತ ಪ್ರೌಢಶಿಕ್ಷಣ ಮಂಡಳಿ 1957-58ರಲ್ಲಿ ಬ್ಲೂಮ್ ಅವರನ್ನೇ ಕರೆಸಿತು. ಬೇರೆ ಬೇರೆ ಕಡೆ ಶಿಕ್ಷಕರಿಗೆ ಕಮ್ಮಟಗಳು ನಡೆದವು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಬಂತು, 1961ರಲ್ಲಿ ಹುಟ್ಟಿದ ಎನ್‌ಸಿಇಆರ್‌ಟಿ ಆ ಕೆಲಸ ಮುಂದುವರಿಸಿತು. ಅಲ್ಲಿಂದ ರಾಜ್ಯಗಳ ಬೋರ್ಡುಗಳಿಗೆ, ಬಿ.ಎಡ್. ಕಾಲೇಜುಗಳಿಗೆ, ಕೊನೆಗೆ ನಮ್ಮ ಮೇಷ್ಟ್ರ ನೀಲನಕ್ಷೆಗೆ. ದಾರಿಯಲ್ಲಿ ಮೊದಲು ಬಿದ್ದು ಹೋದದ್ದು "ನೀವು ಏನು ಕಲಿಸಲು ಹೊರಟಿದ್ದೀರಿ?" ಅನ್ನುವ ಪ್ರಶ್ನೆ. ಉದ್ದೇಶಗಳು ಮುಂಚೆಯೇ ಅಚ್ಚಾಗಿ ಬಂದಿದ್ದವು, ಮೇಷ್ಟ್ರು ತುಂಬಬೇಕಾದದ್ದು ಅಂಕಿ ಮಾತ್ರ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು 29ನೇ ಸೆಕ್ಷನ್ನಿನಲ್ಲೇ ಬರೆದರು. ಸಿಸಿಇ ನಮ್ಮ ಶಾಲೆಗಳಿಗೂ ಬಂತು. ಉದ್ದೇಶ ನೋಡಿದರೆ 1936ರ ಒಹಾಯೋದ ಮೇಷ್ಟ್ರುಗಳು ಚಪ್ಪಾಳೆ ತಟ್ಟುತ್ತಿದ್ದರು. ನಡೆದದ್ದು? ರೂಪಣಾತ್ಮಕ ಒಂದು, ಎರಡು, ಮೂರು, ನಾಲ್ಕು ಅಂತ ಕಾಲಂ ಹೆಚ್ಚಾದವು. ಮಗುವಿನ ಪ್ರಾಜೆಕ್ಟಿಗೆ ಇಷ್ಟು ಅಂಕ, ಚಟುವಟಿಕೆಗೆ ಇಷ್ಟು. ಆ ಅಂಕ ಏನನ್ನು ನೋಡಿ ಕೊಡಬೇಕು ಅಂತ ನಾಲ್ಕು ಶಾಲೆಯ ಮೇಷ್ಟ್ರುಗಳು ಒಂದು ಮಧ್ಯಾಹ್ನ ಕೂತು ಮಾತಾಡಿದ್ದು ಅಪರೂಪ. ನನಗೆ ಪರಿಚಯದ ಟೀಚರೊಬ್ಬರು ಹೇಳುತ್ತಿದ್ದರು, ಕ್ಲಸ್ಟರ್ ಸಭೆಯಲ್ಲಿ ಸಮಯವೆಲ್ಲ ಮಾಹಿತಿ ನಮೂನೆ ತುಂಬುವುದಕ್ಕೇ ಆಗುತ್ತೆ ಸಾರ್, ಮಕ್ಕಳ ಕೆಲಸ ಒಂದನ್ನೂ ಟೇಬಲ್ ಮೇಲೆ ಇಡೋದಿಲ್ಲ ಅಂತ. ಸಭೆ ಇದೆ, ಜನ ಇದ್ದಾರೆ, ಪ್ರಾಜೆಕ್ಟೂ ಇದೆ. ಮೂರನ್ನೂ ಒಂದೇ ಟೇಬಲ್ಲಿಗೆ ತರುವ ಸುತ್ತೋಲೆ ಮಾತ್ರ ಬಂದಿಲ್ಲ.

ನಮ್ಮ ದೇಶದಲ್ಲಿ ಇದು ಆಗುವುದೇ ಇಲ್ಲ ಅನ್ನುವವರಿಗೆ ಒಂದು ಊರಿನ ಹೆಸರು ಹೇಳುತ್ತೇನೆ: ಹೋಶಂಗಾಬಾದ್, ಮಧ್ಯಪ್ರದೇಶ (2022ರಲ್ಲಿ ಅದರ ಹೆಸರು ನರ್ಮದಾಪುರಂ ಆಯಿತು). 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನುವ ಎರಡು ಸಂಸ್ಥೆಗಳು ಅಲ್ಲಿನ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗ ಮಾಡಿಸಿ ಕಲಿಸಲು ಶುರು ಮಾಡಿದವು. ಪುಸ್ತಕದ ಹೆಸರು 'ಬಾಲ ವೈಜ್ಞಾನಿಕ', ಅದರಲ್ಲಿ ಉತ್ತರಗಳಿಲ್ಲ, ಮಾಡಿ ನೋಡಬೇಕಾದ ಕೆಲಸಗಳಿವೆ. ಕಡ್ಡಿಪೆಟ್ಟಿಗೆ ಆಟಿಕೆಗಳ ಅರವಿಂದ ಗುಪ್ತಾ 1978ರಲ್ಲಿ ಟೆಲ್ಕೋ ಕೆಲಸಕ್ಕೆ ರಜೆ ಹಾಕಿ ಹೋಗಿದ್ದು ಇಲ್ಲಿಗೇ. ಅದೇ ವರ್ಷ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು, 1982ರಿಂದ ಏಕಲವ್ಯ ಸಂಸ್ಥೆ ನೋಡಿಕೊಂಡಿತು.

ಪರೀಕ್ಷೆ ಬದಲಾಗದಿದ್ದರೆ ಇದೆಲ್ಲ ಆರು ತಿಂಗಳಲ್ಲಿ ಮುಗಿಯುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಎಂಟನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಲ್ಲೇ ಪುಸ್ತಕ, ನೋಟುಬುಕ್ಕು ತೆರೆದಿಟ್ಟುಕೊಂಡು ಬರೆಯಲು ಸರ್ಕಾರದಿಂದ ಒಪ್ಪಿಗೆ ಪಡೆದರು. ಜೊತೆಗೆ ಪ್ರಾಯೋಗಿಕ ಪರೀಕ್ಷೆ, ಮಕ್ಕಳ ಮುಂದೆ ಸಾಮಾನು ಇಟ್ಟು ಮಾಡಿ ತೋರಿಸು ಅನ್ನುವುದು. ಹಳ್ಳಿ ಶಾಲೆಯ ಮೇಷ್ಟ್ರುಗಳೂ ಸಂಪನ್ಮೂಲ ವ್ಯಕ್ತಿಗಳೂ ಸೇರಿ ಪ್ರಶ್ನೆ ತಯಾರಿಸುತ್ತಿದ್ದರು. ಪುಸ್ತಕ ತೆರೆದಿರುವಾಗ ಪುಸ್ತಕದಲ್ಲಿರುವುದನ್ನು ಕೇಳುವಂತಿಲ್ಲವಲ್ಲ, ಪ್ರತಿ ಪ್ರಶ್ನೆಗೂ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕು. ಮಾಸಿಕ ಸಭೆಗಳಲ್ಲಿ ಮೇಷ್ಟ್ರುಗಳು ಕ್ಲಾಸಿನಲ್ಲಿ ಕೆಟ್ಟ ಪ್ರಯೋಗಗಳನ್ನು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಹೊತ್ತು ತರುತ್ತಿದ್ದರು. ಆರು ವಾರದ ಬೇಸಿಗೆ ಇರಲಿಲ್ಲ, ರಾಕ್‌ಫೆಲರ್ ದುಡ್ಡೂ ಇರಲಿಲ್ಲ. ಬಸ್ಸು ಹಿಡಿದು ಬರುವ ಸರ್ಕಾರಿ ಮೇಷ್ಟ್ರುಗಳು ಮಾಡಿದ ಕೆಲಸ ಅದು.

ಮೂವತ್ತು ವರ್ಷ ನಡೆಯಿತು. ಸುಮಾರು ಸಾವಿರ ಶಾಲೆಗಳಿಗೆ, ಲಕ್ಷದಷ್ಟು ಮಕ್ಕಳಿಗೆ ತಲುಪಿತ್ತು. 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಅದನ್ನು ನಿಲ್ಲಿಸಿತು. ಆ ವರ್ಷದ ಮಕ್ಕಳ ಕೈಗೆ ರಾಜ್ಯದ ಉಳಿದೆಲ್ಲ ಶಾಲೆಗಳ ವಿಜ್ಞಾನ ಪುಸ್ತಕವೇ ಬಂತು.